ಬೆಟ್ಟದ ಬೈಸಿಕಲ್ಲನ್ನು ಪರೀಕ್ಷಿಸಿದ ಬಗೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಲು ಬೈಸಿಕಲ್ಲಿನ ವಿಷಯವೇ ಸಿಕ್ಕಿತೆ ಎಂದು ಮಿತ್ರರು ನಕ್ಕಾರು. ನಗಲಿ. ನಮ್ಮ ಮನೆಯ ಅನ್ನ, ನನ್ನ ಫೀಜು, ಪುಸ್ತಕ, ಬಸ್ ಪಾಸು ಎಲ್ಲವೂ ಬಂದುದು ಬೈಸಿಕಲ್ಲಿನಿಂದಲೇ. ಸಕಲೇಶಪುರದ ಕಡೆಯ ಒಂದು ಹಳ್ಳಿಯ ರಸ್ತೆಬದಿಯಲ್ಲಿ ನಮ್ಮ ತಂದೆಯವರದು ಸೈಕಲ್ ಷಾಪು. ಹಿಂದೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಹನ್ನೆರಡು ಸೈಕಲ್ಲುಗಳಿದ್ದುವಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಎರಡು ಉಳಿದಿದ್ದುವು. ಈಗ ಮೋಟಾರು ಬೈಕುಗಳಿಗೆ ಪಂಕ್ಚರ್ ಹಾಕುವುದೇ ಮುಖ್ಯ ಕಸುಬು.

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದು ಆಲೋಚನೆ ನಡೆದಿತ್ತು. ಸಮೀಪದ ಕಾಫಿ ತೋಟದ ಸಾಹುಕಾರರ ಅಳಿಯಂದಿರು ವಿದೇಶಕ್ಕೆ ಹೊರಡುವಾಗ ತಮ್ಮದೊಂದು ಬೈಸಿಕಲ್ಲನ್ನು ಮಾರಲು ಹೇಳಿ ಹೋಗಿದ್ದರು. ಅದು ಸಾಮಾನ್ಯ ಬೈಸಿಕಲ್ಲಲ್ಲ. ಬೆಟ್ಟ ಹತ್ತಿ ಇಳಿಯುವುದಕ್ಕೆಂದೇ ಮಾಡಿದ್ದು, ಎರಡು ಗಾಲಿಗೂ ಸಸ್ಪೆನ್ಷನ್ ಇದ್ದದ್ದು, ಮೇಲಾಗಿ ವಿದ್ಯುತ್ ಮೋಟಾರಿನದು. ಹೊಸದಕ್ಕೆ ನಾಲ್ಕೈದು ಲಕ್ಷವಾಗುವುದನ್ನು ಎರಡು ಲಕ್ಷಕ್ಕೆ ಕೊಡುತ್ತಾರೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಹೋಂಸ್ಟೇಗಳಿಗೆ ಬರುವವರಿಗೆ ಬಾಡಿಗೆಗೆ ಕೊಟ್ಟರೆ ಷಾಪಿಗೆ ಮತ್ತೆ ಜೀವ ಬಂದೀತೆಂದು ತಂದೆಯವರ ಆಸೆ. ಅವ್ವನ ಸರ ಅಡವಿಟ್ಟು, ಉಳಿದುದಕ್ಕೆ ಸೊಸೈಟಿಯಲ್ಲಿ ಸಾಲ ತೆಗೆಯುವುದೆಂದು ಮಾತಾಗಿತ್ತು. "ನೀನು ಓದಿದವ್ನು. ಮೂರು ದಿವ್ಸ ಓಡ್ಸಿ ನೋಡಿ ಹೇಳು ಮಗ" ಎಂದರು. ಅವರು ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದುದು ಅದೇ ಮೊದಲು. ನಾನು ಓದಿದುದು ಅರ್ಥಶಾಸ್ತ್ರ, ಇತಿಹಾಸ ಮತ್ತು ಕನ್ನಡ. ಟ್ರಂಕಿನಿಂದ ಹಳೆಯ ವಿಜ್ಞಾನದ ಪುಸ್ತಕಗಳನ್ನು ತೆಗೆದಿಟ್ಟುಕೊಂಡು ಕುಳಿತೆ.

ಇತಿಹಾಸದ ವಿದ್ಯಾರ್ಥಿಯಾದುದರಿಂದ ಮೊದಲು ಅದರ ವಂಶಾವಳಿಯನ್ನೇ ಹುಡುಕಿದೆನೆನ್ನಬೇಕು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಎಂಬಾತ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿ ೧೮೮೮ರಲ್ಲಿ ಪೇಟೆಂಟ್ ಪಡೆದ. ಸವಾರನ ಬೆನ್ನೆಲುಬಿನ ಬಗ್ಗೆ ಯೋಚಿಸಿದವರಲ್ಲಿ ಅವನನ್ನು ಮರೆಯುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯವನ್ನು ೧೯೭೬ರಲ್ಲಿ ಪ್ರಾರಂಭಿಸಿದರು. ಒಮ್ಮೆ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಪುನಃ ಗ್ರೀಸು ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂದು ಹೆಸರು ಬಂದಿತು. ಮರುವರ್ಷ ಜೋ ಬ್ರೀಜ್ ಎಂಬಾತ ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದ. ಜಪಾನಿನ ಯಮಾಹ ಕಂಪನಿ ತುಳಿಯುವವನಿಗೆ ಮೋಟಾರಿನ ನೆರವು ಕೊಡುವ ಬೈಸಿಕಲ್ಲನ್ನು ೧೯೯೩ರಲ್ಲಿ ಮಾರುಕಟ್ಟೆಗೆ ತಂದಿತು. ಈ ಎರಡು ವಂಶಗಳು ಕೂಡಿ ಹುಟ್ಟಿದ ಯಂತ್ರಕ್ಕೆ ೨೦೧೯ರಿಂದ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯುತ್ತಿದೆ. ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರಿಗೆ ಹಿಡಿಸಿದುದು ಗ್ರೀಸಿನ ಮಾತೊಂದೇ.

ಈ ಬೈಸಿಕಲ್ಲಿನಲ್ಲಿ ಮೋಟಾರು ಇರುವುದು ಪೆಡಲಿನ ಅಚ್ಚಿನ ಹತ್ತಿರ. ಸ್ಕೂಟರಿನಂತೆ ತಿರುಗಿಸುವ ಹಿಡಿಯಿಲ್ಲ. ಕಾಲು ಎಷ್ಟು ಬಲವಾಗಿ ತುಳಿಯಿತೆಂಬುದನ್ನು ಒಳಗೊಂದು ಉಪಕರಣ ಅಳೆಯುತ್ತದೆ. ಮೋಟಾರು ಅದಕ್ಕೆ ತಕ್ಕಷ್ಟು ಸೇರಿಸುತ್ತದೆ. ತುಳಿಯದಿದ್ದರೆ ಅದೂ ಸುಮ್ಮನಿರುತ್ತದೆ. ಬ್ಯಾಟರಿ ೫೦೦ ವಾಟ್-ಗಂಟೆಯದು. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಅರ್ಧ ಯೂನಿಟ್ಟು.

ಮೊದಲನೆಯ ದಿನ ಏರನ್ನು ಅಳೆದೆ. ಬೈಸಿಕಲ್ಲನ್ನು ಕಾಫಿಹಣ್ಣು ತೂಗುವ ತಕ್ಕಡಿಗೆ ಹಾಕಿದಾಗ ೨೩ ಕಿಲೋ ಬಂದಿತು. ನನ್ನ ತೂಕ ೫೭, ಒಟ್ಟು ೮೦. ತೋಟದ ತಳದ ಹಳ್ಳದಿಂದ ಮೇಲಿನ ಬಂಗಲೆಗೆ ದಾರಿ ಒಂದೂವರೆ ಕಿಲೋಮೀಟರು. ತೋಟದ ನಕ್ಷೆಯ ಪ್ರಕಾರ ಏರು ೧೨೦ ಮೀಟರು. ೮೦ನ್ನು ೯.೮ರಿಂದಲೂ ೧೨೦ರಿಂದಲೂ ಗುಣಿಸಿದರೆ ೯೪,೦೮೦ ಜೌಲು ಕೆಲಸ. ಮೋಟಾರಿನ ನೆರವಿನಿಂದ ಆರು ನಿಮಿಷದಲ್ಲಿ ಮೇಲಿದ್ದೆ. ಅಂದರೆ ಎತ್ತರಕ್ಕೇರುವುದಕ್ಕೇ ಸುಮಾರು ೨೬೦ ವಾಟು. ಮಣ್ಣಿನಲ್ಲಿ ಟೈರು ಉರುಳುವ ನಷ್ಟವನ್ನು ಸೇರಿಸಿದರೆ ೩೦೦ಕ್ಕೆ ಮೀರುತ್ತದೆ. ಮೇಲೆ ನಿಂತು ಕೆಳಗಿನ ಹಳ್ಳವನ್ನು ನೋಡಿದಾಗ ನಾನೇ ಒಬ್ಬ ಪೈಲವಾನನೆನಿಸಿತು. ಆಮೇಲೆ ಮೋಟಾರನ್ನು ಆರಿಸಿ, ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ ಅದೇ ದಾರಿಯನ್ನು ಹತ್ತಿದೆ. ಎರಡು ಕಡೆ ನಿಂತು, ೨೧ ನಿಮಿಷ. ಅದೇ ಲೆಕ್ಕದಲ್ಲಿ ನನ್ನ ಕಾಲಿನ ಶಕ್ತಿ ನೂರು ವಾಟಿಗೆ ತುಸು ಕಡಿಮೆಯೇ. ಪೈಲವಾನಿಕೆಯ ಮೂರು ಪಾಲಿನಲ್ಲಿ ಎರಡು ಪಾಲು ಮೋಟಾರಿನದಾಗಿತ್ತು.

ಆದುದರಿಂದ ನೋಟ್‌ಬುಕ್ಕಿನಲ್ಲಿ ಒಂದು ಸೂತ್ರ ಬರೆದುಕೊಂಡೆ: ಇಂಥ ಬೈಸಿಕಲ್ಲನ್ನು ಏರಿನಲ್ಲಿ ಅಳೆಯಬಾರದು, ಏರಿನಲ್ಲಿ ಅದು ಸವಾರನನ್ನು ಮುಖಸ್ತುತಿ ಮಾಡುತ್ತದೆ. ಮೋಟಾರು ಕೆಲಸ ಮಾಡದ ಕಡೆ ಹೇಗಿರುತ್ತದೆಂದು ನೋಡಬೇಕು. ಅಂಥ ಕಡೆಗಳು ಎರಡು. ಒಂದು, ಸಮತಟ್ಟಾದ ಟಾರು ರಸ್ತೆ. ಗಂಟೆಗೆ ೨೫ ಕಿಲೋಮೀಟರು ಮುಟ್ಟಿದೊಡನೆ ನೆರವು ನಿಲ್ಲುತ್ತದೆ. ಯೂರೋಪಿನ ಕಾನೂನಿನಲ್ಲಿಯೂ ನಮ್ಮ ದೇಶದ ನಿಯಮದಲ್ಲಿಯೂ ಅದೇ ಮಿತಿ. ಅಲ್ಲಿಂದ ಮುಂದೆ ದಪ್ಪ ಟೈರಿನ ೨೩ ಕಿಲೋವನ್ನು ನಾವೇ ಎಳೆಯಬೇಕು. ಇನ್ನೊಂದು, ಇಳಿಜಾರು.

ಎರಡನೆಯ ದಿನ ಇಳಿಜಾರಿಗೆ ಹೋದೆ. ಸಿಲ್ವರ್ ಓಕ್ ಮರಗಳ ಸಾಲಿನಲ್ಲಿ, ಮಳೆನೀರು ಕೊರೆದ ಕೊರಕಲು, ಬೇರು, ಚೂಪುಗಲ್ಲುಗಳ ದಾರಿ. ಎರಡು ಗಾಲಿಗೂ ಸಸ್ಪೆನ್ಷನ್ ಎಂದು ಧೈರ್ಯವಾಗಿ ಬಿಟ್ಟೆ. ಪ್ರತಿಯೊಂದು ಬೇರಿಗೂ ಬೈಸಿಕಲ್ಲು ಕತ್ತೆಯಂತೆ ಒದೆಯಿತು. ಮೂರನೆಯ ತಿರುವಿನಲ್ಲಿ ನಾನು ಕಾಫಿ ಗಿಡದೊಳಗಿದ್ದೆ. ಮೊಣಕೈ ತರಚಿತು, ಗಿಡದ ಎರಡು ರೆಕ್ಕೆ ಮುರಿದುವು, ಅದಕ್ಕಾಗಿ ರೈಟರಿಂದ ಮಾತೂ ಕೇಳಿದೆ. ಸಾಯಂಕಾಲ ನೋಟ್‌ಬುಕ್ಕಿನಲ್ಲಿ "ಸಸ್ಪೆನ್ಷನ್ ನಿರುಪಯುಕ್ತ" ಎಂದು ಬರೆದು ಅಡಿಗೆರೆ ಎಳೆದೆ.

ತಂದೆಯವರು ಅದನ್ನು ಓದಲಿಲ್ಲ. ಬೈಸಿಕಲ್ಲನ್ನು ಗೋಡೆಗೆ ಒರಗಿಸಿ, ಸೀಟಿನ ಮೇಲೆ ಅಂಗೈಯೂರಿ ಮೂರು ಸಲ ಒತ್ತಿದರು. ಮುಂದಿನ ಫೋರ್ಕನ್ನೂ ಒತ್ತಿದರು. "ಇದ್ರಲ್ಲಿ ಗಾಳಿ ಜಾಸ್ತಿ ಐತೆ. ಆ ಅಳಿಯಂದ್ರು ದಪ್ಪಕಿಲ್ವಾ?" ಎಂದರು. ಅವರು ಅಂಥ ಬೈಸಿಕಲ್ಲನ್ನು ಕಂಡುದೇ ಆ ವಾರ.

ವಿಷಯ ಹೀಗೆ. ಜಟಕಾ ಗಾಡಿಯಲ್ಲಿ ಉಕ್ಕಿನ ಪಟ್ಟಿಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೊಳವೆಯೊಳಗೆ ಒತ್ತಿದ ಗಾಳಿ ಮಾಡುತ್ತದೆ. ಸವಾರನ ತೂಕಕ್ಕೆ ಸರಿಯಾಗಿ ಅದನ್ನು ತುಂಬಬೇಕು. ನನ್ನ ಫೋರ್ಕು ೧೫೦ ಮಿಲಿಮೀಟರು ಒಳಸರಿಯಬಲ್ಲದು. ಸವಾರ ಸುಮ್ಮನೆ ಹತ್ತಿ ನಿಂತಾಗಲೇ ಅದರಲ್ಲಿ ಐದನೆಯ ಒಂದು ಭಾಗ, ಅಂದರೆ ೩೦ ಮಿಲಿಮೀಟರು, ಕುಸಿದಿರಬೇಕು. ಹಾಗೆ ಕುಸಿದಿದ್ದರೆ ಮಾತ್ರ ಗುಂಡಿ ಬಂದಾಗ ಗಾಲಿ ಕೆಳಕ್ಕೆ ಚಾಚಿ ನೆಲವನ್ನು ಹಿಡಿದಿರುತ್ತದೆ. ಕೊಳವೆಯ ಮೇಲೆ ಇದನ್ನು ಅಳೆಯುವುದಕ್ಕೆಂದೇ ಒಂದು ರಬ್ಬರಿನ ಬಳೆ ಇದೆ. ನನ್ನ ತೂಕಕ್ಕೆ ಅದು ಸರಿದದ್ದು ೧೨ ಮಿಲಿಮೀಟರು. ಇನ್ನು ಗಾಳಿಯೊಂದೇ ಇದ್ದರೆ ಒತ್ತಿದ ಬಲವನ್ನೆಲ್ಲ ಹಿಂದಕ್ಕೆ ಕೊಟ್ಟು ಸವಾರನನ್ನು ಎಸೆಯುತ್ತದೆ. ಅದಕ್ಕಾಗಿ ಎಣ್ಣೆಯಿರುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಆ ಬಲ ಶಾಖವಾಗಿ ಕರಗುತ್ತದೆ. ಮೇಲೆದ್ದು ಬರುವ ವೇಗವನ್ನು ಕೆಳಗಿನ ಒಂದು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದು.

ಬೈಸಿಕಲ್ಲಿನ ಜೊತೆಗೇ ಬಂದಿದ್ದ ಸಣ್ಣ ಪಂಪಿನ ಗಡಿಯಾರ ನೋಡುತ್ತ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟೆವು. ಬಳೆ ೩೦ಕ್ಕೆ ಬಂದ ಮೇಲೆ ಹಿಂದಿನದನ್ನೂ ಹಾಗೆಯೇ ಸರಿಮಾಡಿದೆವು. ಟೈರಿನ ಗಾಳಿಯನ್ನೂ ತಂದೆಯವರು ಕೈಯಲ್ಲಿ ಹಿಚುಕಿ ನೋಡಿ ಇಳಿಸಿದರು. ಮರುದಿನ ಬೆಳಗ್ಗೆ ಅದೇ ಸಾಲು, ಅದೇ ಬೇರುಗಳು. ಬೈಸಿಕಲ್ಲು ನೆಲಕ್ಕೆ ಅಂಟಿಕೊಂಡು ಇಳಿಯಿತು. ಗಾಲಿಗಳು ಕೆಳಗೆ ತಮ್ಮ ಪಾಡಿಗೆ ಏರಿ ಇಳಿಯುತ್ತಿದ್ದುವು. ಮೇಲೆ ನನ್ನ ಹಲ್ಲು ಹಲ್ಲಿಗೆ ತಾಕಲಿಲ್ಲ. ಬ್ರೇಕು ಹಿಡಿದರೆ ಬೇರಿನ ಮೇಲೆಯೂ ನಿಲ್ಲುತ್ತಿತ್ತು. ಹಿಂದಿನ ದಿನ ಎಳೆದ ಅಡಿಗೆರೆಯನ್ನು ಅಳಿಸಲು ಬಾರದೆ, ಆ ವಾಕ್ಯವನ್ನೇ ಹೊಡೆದುಹಾಕಿದೆ. ಇಷ್ಟು ಒಳ್ಳೆಯ ಯಂತ್ರವನ್ನು ಇನ್ನೊಬ್ಬರ ತೂಕದ ಗಾಳಿಯಿಂದ ಅಳೆದು ತೀರ್ಪು ಕೊಟ್ಟುಬಿಟ್ಟಿದ್ದೆ.

ಇನ್ನು ಉಳಿದುದು ನನ್ನ ಸ್ವಂತ ಶಾಸ್ತ್ರದ ಲೆಕ್ಕ. ಐದು ಸಲ ಬಂಗಲೆಗೆ ಹತ್ತಿದಾಗ ಬ್ಯಾಟರಿಯ ನೂರರಲ್ಲಿ ಮೂವತ್ತು ಭಾಗ ಮುಗಿದಿತ್ತು. ಇಳಿಯುವಾಗ ಈ ಬಗೆಯ ಮೋಟಾರು ಏನನ್ನೂ ಹಿಂದಕ್ಕೆ ತುಂಬಿಕೊಳ್ಳುವುದಿಲ್ಲ. ಆದರೂ ಪೂರ್ತಿ ಚಾರ್ಜಿಗೆ ನಾಲ್ಕೈದು ರೂಪಾಯಿ ಮಾತ್ರ, ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಬೇರೆ. ಗಂಟೆಗೆ ೩೦೦ ರೂಪಾಯಿಯಂತೆ ವಾರಕ್ಕೆ ಎಂಟು ಗಂಟೆ ಬಾಡಿಗೆ ಹೋದರೆ ೨,೪೦೦. ಮಲೆನಾಡಿನ ಮಳೆಗಾಲವನ್ನು ಬಿಟ್ಟು ೩೪ ವಾರವೆಂದರೆ ೮೧,೬೦೦. ಅದರಲ್ಲಿ ಅರ್ಧ ಕೈಸೇರೀತೆಂದು ಹಿಡಿದರೆ ೪೦,೮೦೦. ಎರಡು ಲಕ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ ೨೪,೦೦೦. ಉಳಿಯುವುದು ೧೬,೮೦೦. ರಿಪೇರಿಗೆ ಬಿಡಿಗಾಸು ಖರ್ಚಾಗದಿದ್ದರೂ ಅಸಲು ತೀರಲು ಹನ್ನೆರಡು ವರ್ಷ ಬೇಕು. ಲೀಥಿಯಂ ಬ್ಯಾಟರಿ ಅಷ್ಟು ವರ್ಷ ಬಾಳುವುದಿಲ್ಲ; ವಿಚಾರಿಸಿದಾಗ ಹೊಸದಕ್ಕೆ ಅರವತ್ತು ಸಾವಿರಕ್ಕೆ ಕಡಿಮೆಯಿಲ್ಲವೆಂದರು. ಫೋರ್ಕಿನ ಕೆಳಗಿನ ಕೊಳವೆಗಳನ್ನು ೫೦ ಗಂಟೆಗೊಮ್ಮೆ ಬಿಚ್ಚಿ ಎಣ್ಣೆ ಬದಲಿಸಬೇಕು. ಅದನ್ನು ತಂದೆಯವರು ಮಾಡಬಲ್ಲರು. ಮೋಟಾರನ್ನು ಮಾತ್ರ ನಮ್ಮ ಊರಿನಲ್ಲಿ ಯಾರೂ ಬಿಚ್ಚುವಂತಿಲ್ಲ.

ಮೂರನೆಯ ದಿನ ಸಂಜೆ ಇದನ್ನು ಹೇಳಬೇಕೆಂದು ತೋಟಕ್ಕೆ ಹೋದೆ. ತಂದೆಯವರು ಹಳ್ಳದ ಹತ್ತಿರ ಬೈಸಿಕಲ್ಲು ಹಿಡಿದುಕೊಂಡು ನಿಂತಿದ್ದರು. ಅವರಿಗೆ ಐವತ್ತನಾಲ್ಕು ವರ್ಷ; ಬಲಗಾಲಿನ ಮಂಡಿ ನೋವು. ಮೂವತ್ತು ವರ್ಷದಿಂದ ತೋಟದ ಗಾಡಿಗಳ ಪಂಕ್ಚರಿಗೆ ಕರೆ ಬಂದಾಗಲೆಲ್ಲ ಕ್ಯಾರಿಯರಿನಲ್ಲಿ ಪಂಪು, ಸಾಮಾನಿನ ಡಬ್ಬ ಕಟ್ಟಿಕೊಂಡು, ಆ ಚಡಾವಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡೇ ಹತ್ತಿದವರು. ನಾನು ಬಾಯಿ ತೆರೆಯುವ ಮೊದಲೇ ಹತ್ತಿ ಕುಳಿತು ತುಳಿದರು. ನಾನು ಹಿಂದೆ ಓಡಿದೆ. ಮೊದಲ ತಿರುವಿನವರೆಗೆ ಕಾಣಿಸಿದರು, ಆಮೇಲೆ ಕಾಣಲಿಲ್ಲ. ಮೇಲೆ ಹೋಗಿ ನೋಡಿದರೆ ಬಂಗಲೆಯ ಮುಂದೆ ಒಂದು ಕಾಲೂರಿ ನಿಂತಿದ್ದಾರೆ, ಬೆವರಿಲ್ಲ. "ಇಳೀದಂಗೆ ಬಂದ್ಬಿಟ್ಟೆ ಕಣೊ" ಎಂದರು.

ಆಗ ನನ್ನ ಸೂತ್ರ ಅರ್ಧ ತಪ್ಪೆಂದು ಕಂಡಿತು. ಇಪ್ಪತ್ತು ವರ್ಷದ ಕಾಲಿಗೆ ಏರು ಮುಖಸ್ತುತಿ ಇರಬಹುದು. ಆ ಮಂಡಿಗೆ ಅದೇ ಯಂತ್ರದ ನಿಜವಾದ ಗುಣ. ಆದರೆ ಬಡ್ಡಿಯ ಲೆಕ್ಕ ತಪ್ಪಿರಲಿಲ್ಲ. ದಾರಿಯಲ್ಲಿ ಇಳಿಯುತ್ತ ಎಲ್ಲವನ್ನೂ ಓದಿ ಹೇಳಿದೆ. ಅವರು ಬ್ಯಾಟರಿಯ ಬೆಲೆಯನ್ನು ಮಾತ್ರ ಎರಡು ಸಲ ಕೇಳಿದರು. ಮನೆಗೆ ಬಂದು ಅವ್ವನಿಗೆ "ಸರ ಒಳಗಿಡು" ಎಂದರು. ಆ ರಾತ್ರಿ ಬೇರೆ ಮಾತಾಡಲಿಲ್ಲ.

ಬೈಸಿಕಲ್ಲನ್ನು ಕೊನೆಗೆ ಸಾಹುಕಾರರೇ ತಮ್ಮ ಹೋಂಸ್ಟೇಗೆ ಇಟ್ಟುಕೊಂಡರು. ಗಾಳಿ, ಚೈನು, ಬ್ರೇಕು, ಫೋರ್ಕಿನ ಎಣ್ಣೆ ಇವಿಷ್ಟನ್ನೂ ನೋಡಿಕೊಳ್ಳುವುದು ನಮ್ಮ ತಂದೆಯವರ ಪಾಲಿಗೆ ಬಂದಿದೆ. ತಿಂಗಳಿಗೆ ಇಷ್ಟೆಂದು ಕೊಡುತ್ತಾರೆ. ತಿಂಗಳ ಮೊದಲ ಸೋಮವಾರ ತಮ್ಮ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಬಂಗಲೆಗೆ ಹತ್ತಿ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ಹಳ್ಳದವರೆಗೆ ಇಳಿದು ಒಂದು ಸುತ್ತು ಹತ್ತಿಸಿ ನೋಡುವುದುಂಟು. ಒಂದು ಸುತ್ತಿನಲ್ಲಿ ಸರಿಯಾಗಿ ತಿಳಿಯುವುದಿಲ್ಲವಂತೆ.