ಓಣಿಯ ಖಾನಾವಳಿ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರುಗಳು ಒಂದೇ ಹೆದ್ದಾರಿಯಲ್ಲಿ ಒಂದರ ನಂತರ ಒಂದಾಗಿ ಬರುತ್ತವೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಣ ಭೂಭಾಗವನ್ನು ಚರಿತ್ರಕಾರರು ರಾಯಚೂರು ದೋಆಬ್ ಎಂದು ಕರೆದಿದ್ದಾರೆ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಈ ನೆಲಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. ಅರಸರ ಕಥೆಯನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ನಾನು ಇಲ್ಲಿ ಹೇಳಹೊರಟಿರುವುದು ಒಂದು ಹೊತ್ತಿನ ಊಟದ ಕಥೆ.

ಮಾಘಮಾಸದ ಒಂದು ಮುಂಜಾನೆ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಹೊರಟೆ. ಊರು ದಾಟಿದ ಮೇಲೆ ದಾರಿಯ ಬದಿಯಲ್ಲಿ ಎರೆಭೂಮಿ ಹರಡಿತ್ತು. ಅಲ್ಲಲ್ಲಿ ಹಿಂಗಾರಿನ ಬಿಳಿಜೋಳವು ತೆನೆಹೊತ್ತು ನಿಂತಿತ್ತು. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿದ ಈ ಜೋಳವು ಬಹುಮಟ್ಟಿಗೆ ಕರಿಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೇ ಬೆಳೆದು ಕಾಳು ಕಟ್ಟುತ್ತದೆ. ಆಫ್ರಿಕಾ ಖಂಡದಲ್ಲಿ ಹುಟ್ಟಿದ ಈ ಧಾನ್ಯವು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ಬಂದು, ಇಲ್ಲಿನ ಮಣ್ಣಿಗೂ ಮನುಷ್ಯನಿಗೂ ಒಗ್ಗಿಹೋಗಿದೆ.

ಮಸ್ಕಿಯಲ್ಲಿ ಇಳಿದು, ಅಶೋಕನ ಶಾಸನವಿರುವ ಬಂಡೆಯನ್ನು ನೋಡಲು ಹೋದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಇದನ್ನು ಪತ್ತೆಹಚ್ಚಿದರು. ಚಿನ್ನವನ್ನು ಅರಸಿ ಈ ಸೀಮೆಗೆ ಬಂದವರಿಗೆ ಅದಕ್ಕಿಂತ ಬೆಲೆಯುಳ್ಳ ಕಲ್ಲು ದೊರೆಯಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ‘ಅಶೋಕ’ ಎಂಬ ಹೆಸರು ಮೊದಲು ಕಂಡುಬಂದದ್ದು ಮಸ್ಕಿಯಲ್ಲಿ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರೆದ ಆ ಶಾಸನದ ತಾತ್ಪರ್ಯವನ್ನು ಅಲ್ಲಿ ನಿಂತು ನೆನೆದೆ. ಧರ್ಮದ ಸಿದ್ಧಿಯು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಶ್ರದ್ಧೆಯಿದ್ದರೆ ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ಸಾರ. ಅಂದು ಆ ಮಾತನ್ನು ಓದಿದ ಪಾಠದಂತೆ ನೆನೆದೆನೇ ಹೊರತು, ಅದರ ಅರ್ಥ ನನಗೆ ತಿಳಿದದ್ದು ಮಧ್ಯಾಹ್ನದ ಮೇಲೆ.

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಹೋದಂತೆ ನೆಲದ ಬಣ್ಣವೇ ಬದಲಾಯಿತು. ಕರಿಮಣ್ಣಿನ ಮೇಲೆ ಹಸುರು ಗದ್ದೆಗಳು, ಕಾಲುವೆಗಳು, ಅಕ್ಕಿಯ ಗಿರಣಿಗಳು ಕಾಣತೊಡಗಿದವು. ಇದು ತುಂಗಭದ್ರೆಯ ಕೊಡುಗೆ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ 1953ರಲ್ಲಿ ಮೊದಲು ನೀರು ಹರಿಯಿತು. ಮುಂದಿನ ದಶಕಗಳಲ್ಲಿ ಎಡದಂಡೆ ಕಾಲುವೆಯು ಬರಗಾಲಕ್ಕೆ ಹೆಸರಾಗಿದ್ದ ಈ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ನೀರು ಬಂದಲ್ಲಿ ಜೋಳವು ಹಿಂದೆ ಸರಿಯಿತು.

ಸಿಂಧನೂರಿನಲ್ಲಿ ಇಳಿದಾಗ ಹಸಿವು ಕಾಡುತ್ತಿತ್ತು. ಬಸ್ ನಿಲ್ದಾಣದ ಬಳಿಯ ಒಬ್ಬ ವ್ಯಾಪಾರಿಯನ್ನು ಊಟಕ್ಕೆ ಒಳ್ಳೆಯ ಸ್ಥಳ ಯಾವುದೆಂದು ಕೇಳಿದೆ. ಆತನು ದೀಪಗಳಿಂದ ಅಲಂಕೃತವಾದ ದೊಡ್ಡ ಹೋಟೆಲುಗಳ ಕಡೆಗೆ ಕಣ್ಣೆತ್ತಿಯೂ ನೋಡದೆ, “ಆ ಓಣ್ಯಾಗ ಹೋಗ್ರಿ, ರೊಟ್ಟಿ ಬಡಿಯೋ ಸಪ್ಪಳ ಕೇಳಿದಲ್ಲಿ ನಿಂದರ್ರಿ” ಎಂದನು.

ಸಪ್ಪಳವನ್ನೇ ಹಿಡಿದು ಹೋದೆ. ತಗ್ಗಾದ ಬಾಗಿಲು, ಬಣ್ಣ ಮಾಸಿದ ಹಲಗೆಯ ಮೇಲೆ ‘ಖಾನಾವಳಿ’ ಎಂಬ ಒಂದೇ ಪದ. ಒಳಗೆ ನಾಲ್ಕು ಮೇಜು, ಎಂಟು ಬೆಂಚು, ಮೂಲೆಯಲ್ಲಿ ನೀರಿನ ಮಣ್ಣಿನ ಹರವಿ. ಗೋಡೆಗೆ ಅಂಟಿಸಿದ್ದ, ಮೊಬೈಲಿನಿಂದ ಹಣ ಕೊಡುವ ಚೌಕದ ಗುರುತೊಂದೇ ಅಲ್ಲಿ ಹೊಸದು. ‘ಖಾನಾ’ ಎಂದರೆ ಊಟ. ಈ ಶಬ್ದದಿಂದ ಹುಟ್ಟಿದ ‘ಖಾನಾವಳಿ’ ಎಂಬ ಮಾತು ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಸಮಾನವಾದುದು. ಇಂತಹ ತಾಣಗಳು ನಮ್ಮಲ್ಲಿ ಮಾತ್ರ ಇರುವುವೆಂದು ತಿಳಿಯಬೇಕಾಗಿಲ್ಲ. ಇಟಲಿ ದೇಶದ ಊರುಗಳ ಓಣಿಗಳಲ್ಲಿ ಟ್ರಟ್ಟೋರಿಯಾ ಎಂಬ ಸಣ್ಣ ಊಟದ ಮನೆಗಳಿವೆ. ಅಲ್ಲಿಯೂ ಹಲವು ಕಡೆ ಮನೆಯವರೇ ಅಡುಗೆಯವರು. ಅಂದು ಸಂತೆಯಲ್ಲಿ ದೊರೆತ ಕಾಯಿಪಲ್ಲೆಯೇ ಅಂದಿನ ಅಡುಗೆ. ದೇಶ ಬೇರೆಯಾದರೂ ಹಸಿದವನನ್ನು ಮನೆಯ ನಂಟನಂತೆ ಕೂರಿಸುವ ರೀತಿ ಒಂದೇ.

ಕುಳಿತೊಡನೆ ತಟ್ಟೆ ಬಂದಿತು. ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕೆಕಾಳಿನ ಪಲ್ಯ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು, ಜಜ್ಜಿದ ಉಳ್ಳಾಗಡ್ಡಿ. ಪುಂಡಿಯ ಹುಳಿ, ಹಿಂಡಿಯ ಖಾರ, ಮೊಸರಿನ ತಂಪು ಇವೆಲ್ಲವನ್ನೂ ರೊಟ್ಟಿಯ ಸವಿಯು ಒಂದುಗೂಡಿಸುತ್ತಿತ್ತು. ಖಾನಾವಳಿಯ ಒಡತಿ ಐವತ್ತು ದಾಟಿದ ಹೆಣ್ಣುಮಗಳು. ಒಂದು ರೊಟ್ಟಿ ಮುಗಿಯುವುದರೊಳಗೆ ಮತ್ತೊಂದನ್ನು ಹಿಡಿದು ಬಂದು, “ಇನ್ನೊಂದು ಹಾಕ್ಲೇನ್ರಿ ಸರ?” ಎನ್ನುತ್ತಿದ್ದಳು. ಬೇಡವೆಂದರೆ, “ಅರ್ಧಾ ಆದ್ರೂ ತಗೋರಿ” ಎನ್ನುವಳು. ಇಲ್ಲಿ ರೊಟ್ಟಿಗೆ ಲೆಕ್ಕವಿಲ್ಲ. ಊಟಕ್ಕೆ ಒಂದೇ ಬೆಲೆ. ಸುತ್ತಲೂ ಭತ್ತದ ಗದ್ದೆಗಳಿದ್ದರೂ ಅನ್ನವು ಕೊನೆಯಲ್ಲಿ ಒಂದು ಹಿಡಿಯಷ್ಟೇ ಬಂದಿತು.

ಒಳಗಿನ ಒಲೆಗಳ ಮುಂದೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದುದು ನಾನು ಕುಳಿತಲ್ಲಿಂದ ಕಾಣುತ್ತಿತ್ತು. ಗೋಧಿಹಿಟ್ಟಿನಲ್ಲಿ ಗ್ಲುಟೆನ್ ಎಂಬ ಜಿಗುಟು ಸಸಾರಜನಕವಿರುವುದರಿಂದ ತಣ್ಣೀರಿನಲ್ಲಿಯೇ ನಾದಿ ಲಟ್ಟಿಸಬಹುದು. ಜೋಳದಲ್ಲಿ ಆ ಜಿಗುಟಿಲ್ಲ. ಆದ್ದರಿಂದ ಹಿಟ್ಟಿಗೆ ಕುದಿಯುವ ಎಸರನ್ನು ಹೊಯ್ಯುತ್ತಾರೆ. ಕಾವಿಗೆ ಹಿಟ್ಟಿನ ಪಿಷ್ಟವು ಬೆಂದು ಅಂಟಾಗಿ, ಬಿಡಿ ಕಣಗಳನ್ನು ಹಿಡಿದಿಡುತ್ತದೆ. ಕೈ ಸುಡುವ ಬಿಸಿಯಲ್ಲಿಯೇ ಅದನ್ನು ನಾದಿ, ಉಂಡೆ ಮಾಡಿ, ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ಅಗಲಗೊಳಿಸಬೇಕು. ಪೆಟ್ಟು ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ದಪ್ಪವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈ ಒಣಗಿ ಬಿರಿಯದಂತೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಉಬ್ಬಿಸಿ ತೆಗೆಯಬೇಕು. ಈ ವಿದ್ಯೆಯನ್ನು ಬರೆದಿಟ್ಟ ಗ್ರಂಥವಿಲ್ಲ. ತಾಯಿಯ ಕೈಯಿಂದ ಮಗಳ ಕೈಗೆ ಅದು ಬಂದಿದೆ. ಇದೇ ರೊಟ್ಟಿಯನ್ನು ಒಣಗಿಸಿದರೆ ಬಹುದಿನ ಕೆಡದೆ ಉಳಿಯುತ್ತದೆ. ದೂರ ಪ್ರಯಾಣದ ಬುತ್ತಿಗೆ ಕಟಿರೊಟ್ಟಿಯೇ ಆಧಾರ.

ಆ ಹೊತ್ತಿಗೆ ಒಬ್ಬ ಹುಡುಗನು ಬಂದು ಎದುರಿನ ಬೆಂಚಿನಲ್ಲಿ ಕುಳಿತನು. ಹೆಗಲಲ್ಲಿ ಪುಸ್ತಕದ ಚೀಲ, ಕೈಯಲ್ಲಿ ಅರಿವೆಯ ಗಂಟು. ಗಂಟನ್ನು ಬಿಚ್ಚಿ, ಅದರೊಳಗಿನ ಕಟಿರೊಟ್ಟಿಗಳನ್ನು ಸಪ್ಪಳವಾಗದಂತೆ ಹೊರಗೆ ತೆಗೆದನು. ಅವು ಒಣಗಿ ಅಂಚು ಮುರಿದಿದ್ದವು. “ಅವ್ವಾ, ಪಲ್ಯ ಅಷ್ಟ ಕೊಡು” ಎಂದು ಮೆಲ್ಲನೆ ಹೇಳಿದನು. ಹಳ್ಳಿಗಳಿಂದ ಬಂದು ಪಟ್ಟಣದಲ್ಲಿ ಓದುವ ಹುಡುಗರಲ್ಲಿ ಹಲವರ ಬಾಳು ಹೀಗೆಯೇ. ಊರಿನಿಂದ ಬುತ್ತಿ ಬರುತ್ತದೆ; ಪಲ್ಯಕ್ಕೆ ಮಾತ್ರ ಹಣ ಹೊಂದಿಸಬೇಕಾಗುತ್ತದೆ.

ಒಡತಿಯು ಪಲ್ಯವನ್ನು ತಂದಿಟ್ಟಳು. ಅದರೊಡನೆ ಎರಡು ಬಿಸಿರೊಟ್ಟಿಗಳನ್ನೂ ಇಟ್ಟಳು. ಹುಡುಗನ ಮುಖ ಕೆಂಪಾಯಿತು. “ನಾ ಕೇಳಿಲ್ಲವ್ವಾ” ಎಂದನು.

“ನೀ ಕೇಳಿಲ್ಲೋ ತಮ್ಮಾ, ನಾ ಕೇಳಾಕತ್ತೀನಿ. ನಿನ್ನ ಕಟಿರೊಟ್ಟಿ ಎರಡು ನನಗ ಕೊಡು. ಮುರಿದು ಒಗ್ಗರಣಿ ಹಾಕಿದ್ರ ಭಾಳ ಚಲೋ ಆಗ್ತಾವ. ನನ್ನ ಮೊಮ್ಮಗಳು ಹಟ ಹಿಡದಾಳ. ನಾವು ಬಿಸಿರೊಟ್ಟಿ ಮಾಡೋರು; ಕಟಿರೊಟ್ಟಿ ಎಲ್ಲಿಂದ ತರ್ಲಿ?” ಎಂದು ಅವಳು ಕೈಚಾಚಿದಳು.

ಹುಡುಗನು ಒಂದು ಕ್ಷಣ ಅವಳ ಮುಖವನ್ನು ನೋಡಿ, ಮುರಿಯದೆ ಉಳಿದಿದ್ದ ಎರಡು ರೊಟ್ಟಿಗಳನ್ನು ಆರಿಸಿ ಕೊಟ್ಟನು. ಆಮೇಲೆ ತಲೆ ತಗ್ಗಿಸದೆ ಹೊಟ್ಟೆತುಂಬ ಉಂಡನು. ಪಲ್ಯದ ಹಣವನ್ನು ಎಣಿಸಿ ಕೊಟ್ಟು ಹೋದನು.

ಅವನು ಹೋದ ಮೇಲೆ, ಒಲೆಯ ಬಳಿಯ ಬುಟ್ಟಿಯಲ್ಲಿ ಕಟಿರೊಟ್ಟಿಗಳು ರಾಶಿಯಾಗಿರುವುದು ನನ್ನ ಕಣ್ಣಿಗೆ ಬಿದ್ದಿತು. ನಾನು ಅದನ್ನು ನೋಡಿದುದನ್ನು ಅವಳೂ ನೋಡಿದಳು. ಸೆರಗಿನಿಂದ ಮುಖ ಒರಸಿಕೊಳ್ಳುತ್ತ ಹೇಳಿದಳು: “ಸುಮ್ಮನ ಕೊಟ್ರ ನಾಳಿಗೆ ಬರಂಗಿಲ್ರಿ ಸರ. ಹಸದಿರ್ತಾನ, ಆದ್ರ ಬರಂಗಿಲ್ಲ. ಅವನ ರೊಟ್ಟೀನೂ ಯಾರೋ ತಾಯಿ ಬಡದಿದ್ದ ಅಲ್ರಿ?”

ಈ ಔದಾರ್ಯಕ್ಕೆ ಅವಳು ತೆರುತ್ತಿದ್ದ ಬೆಲೆ ಸಣ್ಣದಾಗಿರಲಿಲ್ಲ. ಸುತ್ತಲಿನವರು ಭತ್ತವನ್ನೇ ಹಚ್ಚುವುದರಿಂದ ಜೋಳವನ್ನು ದೂರದಿಂದ ತರಿಸಬೇಕು. ಮಗನು ಊಟಕ್ಕೆ ಮೂರೇ ರೊಟ್ಟಿ ಎಂದು ಹಲಗೆ ಬರೆಸೋಣವೆನ್ನುತ್ತಾನೆ. ಅವಳಿಗೆ ಮನಸ್ಸು ಬಾರದು. ರೊಟ್ಟಿ ಬಡಿಯುವ ಕೈಗಳೂ ವಿರಳವಾಗುತ್ತಿವೆ. ಬೆಳಗಿನಿಂದ ಇಳಿಹೊತ್ತಿನವರೆಗೆ ಉರಿಯ ಮುಂದೆ ಕುಳಿತು ತೋಳು ಸೋಲಿಸಿಕೊಳ್ಳುವ ಈ ಕೆಲಸ ತಮ್ಮ ಹೆಣ್ಣುಮಕ್ಕಳಿಗೆ ಬೇಡವೆಂದು ಒಳಗಿನ ಇಬ್ಬರೂ ಹೇಳಿದರು. ಅವರ ಮಾತು ನ್ಯಾಯವಾದುದೇ. ಮಕ್ಕಳು ಓದಲೆಂದೇ ಅವರು ಬಡಿಯುತ್ತಿದ್ದಾರೆ. ನಾವು ರೊಟ್ಟಿಯ ರುಚಿಯನ್ನು ಹೊಗಳುವಾಗ ಆ ತೋಳುಗಳ ನೋವನ್ನು ಮರೆಯಬಾರದು. ಅವುಗಳ ದುಡಿಮೆಗೆ ತಕ್ಕ ಬೆಲೆ ಕೊಡಲು ಹಿಂಜರಿಯಬಾರದು.

ಇಂದು ಲೋಕವು ಜೋಳದ ಗುಣವನ್ನು ಮತ್ತೆ ಅರಿಯುತ್ತಿದೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಜೋಳವೂ ಅವುಗಳಲ್ಲಿ ಸೇರಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 4 ಮಿಲಿಗ್ರಾಂ ಕಬ್ಬಿಣಾಂಶವೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶವು ಒಂದು ಮಿಲಿಗ್ರಾಮಿಗಿಂತ ಕಡಿಮೆ. ಆದರೆ ಆ ಖಾನಾವಳಿಯ ಊಟದಲ್ಲಿ ನಾನು ಕಂಡ ಸತ್ತ್ವವು ಇಂತಹ ಅಳತೆಗೆ ಸಿಕ್ಕುವಂಥದಲ್ಲ.

ಬೆಳಿಗ್ಗೆ ಮಸ್ಕಿಯ ಬಂಡೆಯ ಮುಂದೆ ನೆನೆದ ಮಾತು ಆಗ ನನಗೆ ಮತ್ತೆ ನೆನಪಾಯಿತು. ಚಕ್ರವರ್ತಿಯು ಸಣ್ಣವರಿಗೂ ಸಾಧ್ಯವೆಂದು ಕಲ್ಲಿನಲ್ಲಿ ಬರೆಸಿದುದನ್ನು, ಬಹುಶಃ ಆ ಶಾಸನವನ್ನು ಎಂದೂ ಓದಿರದ ಒಬ್ಬ ಹೆಣ್ಣುಮಗಳು ನಾಲ್ಕು ಮೇಜುಗಳ ನಡುವೆ ನಡೆಸಿ ತೋರಿಸಿದ್ದಳು. ಕೊಡುವುದು ದೊಡ್ಡದು, ಕೊಡುವಾಗ ಕೊಂಡಂತೆ ತೋರಿ, ತೆಗೆದುಕೊಳ್ಳುವವನ ತಲೆ ತಗ್ಗದಂತೆ ನೋಡಿಕೊಳ್ಳುವುದು ಇನ್ನೂ ದೊಡ್ಡದು.

ಹಣ ಕೊಟ್ಟು ಏಳುವಾಗ, “ಇನ್ನೊಮ್ಮಿ ಬರ್ರಿ ಸರ” ಎಂದಳು. ಓಣಿಯ ತುದಿಯನ್ನು ಮುಟ್ಟುವವರೆಗೂ ರೊಟ್ಟಿ ಬಡಿಯುವ ಸಪ್ಪಳವು ಹಿಂದಿನಿಂದ ಕೇಳಿಬರುತ್ತಲೇ ಇತ್ತು.

ಪದಗಳ ಅರ್ಥ

ಎರೆಭೂಮಿ – ಕಪ್ಪು ಮಣ್ಣಿನ ಹೊಲ. ಹಿಂಗಾರು – ಮಳೆಗಾಲದ ಕೊನೆಯಲ್ಲಿ ಬಿತ್ತುವ ಕಾಲ. ಎಸರು – ಕುದಿಯುವ ನೀರು. ಹಿಂಡಿ – ಚಟ್ನಿಪುಡಿ. ಕಟಿರೊಟ್ಟಿ – ಒಣಗಿಸಿದ ಗರಿಗರಿ ರೊಟ್ಟಿ. ಅರಿವೆ – ಬಟ್ಟೆ. ಹರವಿ – ನೀರು ತುಂಬುವ ಮಣ್ಣಿನ ಪಾತ್ರೆ.

ಅಭ್ಯಾಸ

1. ಮಸ್ಕಿಯ ಶಾಸನಕ್ಕೆ ಚರಿತ್ರೆಯಲ್ಲಿ ಏಕೆ ಮಹತ್ತ್ವವಿದೆ?
2. ಜೋಳದ ಹಿಟ್ಟಿಗೆ ಕುದಿಯುವ ನೀರನ್ನು ಹೊಯ್ಯುವುದೇಕೆ?
3. ಖಾನಾವಳಿಯ ಒಡತಿಯು ಹುಡುಗನ ಕಟಿರೊಟ್ಟಿಗಳನ್ನು ಕೇಳಿ ಪಡೆದುದರ ಉದ್ದೇಶವೇನು?
4. “ಅವನ ರೊಟ್ಟೀನೂ ಯಾರೋ ತಾಯಿ ಬಡದಿದ್ದ ಅಲ್ರಿ?” – ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
5. ನಿಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟವು ಸಿದ್ಧವಾಗಲು ಯಾರ ಯಾರ ದುಡಿಮೆ ಸೇರಿದೆಯೆಂಬುದನ್ನು ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.