ಮುಚ್ಚಿದ ನಲ್ಲಿ

1960ರ ದಶಕದಲ್ಲಿ ಲಂಡನ್ ನಗರದ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆ ಚಿಕಿತ್ಸೆಗಾಗಿ ದಾಖಲಾದಳು. ಕೊಳೆ ಸೋಂಕೀತೆಂಬ ಭಯ ಆಕೆಯನ್ನು ಆವರಿಸಿತ್ತು. ಏನನ್ನು ಮುಟ್ಟಿದರೂ ತೊಳೆಯಬೇಕು. ತೊಳೆದದ್ದು ಸಾಲದೆಂದು ಮತ್ತೆ ತೊಳೆಯಬೇಕು. ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಅವರು ಆಕೆಗಾಗಿ ಮಾಡಿದ ಏರ್ಪಾಡು ವಿಚಿತ್ರವಾಗಿತ್ತು: ಆಕೆಯ ಕೋಣೆಯ ನಲ್ಲಿಗೆ ನೀರು ಬರದಂತೆ ಮಾಡಿಸಿದರು.

ಕೇಳಿದವರಿಗೆ ಇದು ಕ್ರೌರ್ಯವೆಂದೇ ತೋರಬಹುದು. ಆದರೆ ಆ ರೋಗದ ಸ್ವರೂಪವನ್ನು ಬಲ್ಲವರಿಗೆ ಹಾಗೆ ತೋರದು.

ಇದಕ್ಕೆ ಗೀಳು ಮನೋರೋಗವೆಂದು ಹೆಸರು. ಬೇಡವಾದ ಆಲೋಚನೆಯೊಂದು ಮನಸ್ಸಿಗೆ ನುಗ್ಗಿ, ಅಟ್ಟಿದಷ್ಟೂ ಮರಳಿ ಬರುತ್ತದೆ. ಕೈಗೆ ವಿಷ ಅಂಟಿದೆ, ಬೀಗ ಸರಿಯಾಗಿ ಬಿದ್ದಿಲ್ಲ, ದೇವರ ಮುಂದೆ ನಿಂತಾಗಲೇ ಹೊಲಸು ಮಾತೊಂದು ನೆನಪಾಯಿತು ಎಂಬಂಥ ಆಲೋಚನೆಗಳಿವು. ಆ ತಳಮಳವನ್ನು ತಾಳಲಾರದೆ ರೋಗಿಯು ಕೈ ತೊಳೆಯುತ್ತಾನೆ, ಬೀಗವನ್ನು ಹತ್ತು ಸಲ ಜಗ್ಗಿ ನೋಡುತ್ತಾನೆ, ಮನಸ್ಸಿನಲ್ಲೇ ಎಣಿಸುತ್ತಾನೆ. ಇದು ಅರ್ಥವಿಲ್ಲದ ಕೆಲಸವೆಂಬುದು ಬಹುಮಟ್ಟಿಗೆ ಅವನಿಗೇ ಗೊತ್ತು, ಗೊತ್ತಿದ್ದೂ ಬಿಡಲಾಗದು. ಅಚ್ಚುಕಟ್ಟಾಗಿರುವವರೆಲ್ಲ ಈ ರೋಗಿಗಳಲ್ಲ. ‘ಮಡಿಯ ಹುಚ್ಚು’ ಎಂದು ನಗುವವರಿಗೆ ಒಳಗಿನ ಈ ಸಂಕಟ ಕಾಣುವುದಿಲ್ಲ.

ತೊಳೆದೊಡನೆ ರೋಗಿಗೆ ತುಸು ನೆಮ್ಮದಿ ದೊರೆಯುತ್ತದೆ. ರೋಗದ ಬೇರು ಇರುವುದು ಆ ನೆಮ್ಮದಿಯಲ್ಲಿಯೇ. ತೊಳೆದುದರಿಂದಲೇ ತಾನು ಉಳಿದೆನೆಂದು ಮನಸ್ಸು ನಂಬುತ್ತದೆ; ತೊಳೆಯದಿದ್ದರೂ ಏನೂ ಆಗುತ್ತಿರಲಿಲ್ಲವೆಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಸಾಲ ತೀರಿಸಲು ಹೆಚ್ಚಿನ ಬಡ್ಡಿಗೆ ಮತ್ತೊಂದು ಸಾಲ ತರುವವನ ಪಾಡು ಇದು.

ಆ ಕಾಲದಲ್ಲಿ ಈ ರೋಗವನ್ನು ಗುಣಪಡಿಸುವುದು ಬಹು ಕಷ್ಟವೆಂದು ವೈದ್ಯರು ಭಾವಿಸಿದ್ದರು. ಮನೋವಿಶ್ಲೇಷಣೆ ಹೆಚ್ಚು ಫಲ ಕೊಟ್ಟಿರಲಿಲ್ಲ. ತೀವ್ರವಾದಾಗ ಮೆದುಳಿನ ಶಸ್ತ್ರಕ್ರಿಯೆಯನ್ನೂ ಮಾಡುತ್ತಿದ್ದುದುಂಟು. ಮೇಯರ್ ಬೇರೆ ದಾರಿ ಹಿಡಿದರು. ರೋಗಿಯು ಅಂಜುತ್ತಿದ್ದ ವಸ್ತುಗಳನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಬಾರದು. ದಾದಿಯರು ಬಳಿಯಲ್ಲಿದ್ದು ಮಾತನಾಡಿಸುತ್ತ, ಧೈರ್ಯ ಹೇಳುತ್ತ, ತೊಳೆಯುವ ಹಂಬಲವನ್ನು ತಡೆಯಲು ನೆರವಾದರು. ಮುಂದೆ ಈ ಕಾವಲನ್ನು ಮೆಲ್ಲಮೆಲ್ಲನೆ ಸಡಿಲಿಸಲಾಯಿತು. ಇಬ್ಬರು ರೋಗಿಗಳ ವೃತ್ತಾಂತವನ್ನು ಮೇಯರ್ 1966ರಲ್ಲಿ ಪ್ರಕಟಿಸಿದರು. 1974ರ ವೇಳೆಗೆ ಹೀಗೆ ಚಿಕಿತ್ಸೆ ಪಡೆದಿದ್ದ 15 ಮಂದಿಯಲ್ಲಿ 10 ಮಂದಿ ಬಹಳವಾಗಿ ಸುಧಾರಿಸಿದ್ದರು.

1970ರ ದಶಕದಲ್ಲಿ ಅದೇ ನಗರದ ಮಾಡ್ಸ್‌ಲಿ ಆಸ್ಪತ್ರೆಯ ಸ್ಟ್ಯಾನ್ಲಿ ರಾಕ್‌ಮನ್, ಐಸಾಕ್ ಮಾರ್ಕ್ಸ್ ಮೊದಲಾದವರು ಈ ವಿಧಾನವನ್ನು ಪರೀಕ್ಷಿಸಿ ಬೆಳೆಸಿದರು. ಈಗ ನಲ್ಲಿ ಮುಚ್ಚುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ರೋಗಿಯೂ ಚಿಕಿತ್ಸಕರೂ ಕುಳಿತು, ಭಯಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಕೆಳಗಿನದರಿಂದ ಆರಂಭಿಸುತ್ತಾರೆ. ಬಾಗಿಲ ಹಿಡಿಯನ್ನು ಮುಟ್ಟಿ ತೊಳೆಯದೆ ಕೂತವನ ಎದೆ ಮೊದಲು ಡವಗುಟ್ಟುತ್ತದೆ. ಹೊತ್ತು ಕಳೆದಂತೆ ಬಹಳ ಸಲ ಆ ತಳಮಳ ತಾನಾಗಿ ಇಳಿಯುತ್ತದೆ. ಇಳಿಯದಿದ್ದಾಗಲೂ, ಅದನ್ನು ತಾಳಿಕೊಳ್ಳಬಲ್ಲೆನೆಂಬ ಅರಿವು ಉಳಿಯುತ್ತದೆ. ರೋಗಿಯ ಒಪ್ಪಿಗೆಯಿಲ್ಲದೆ ಇದನ್ನು ನಡೆಸುವಂತಿಲ್ಲ. ಬಲವಂತವಾಗಿ ಸೋಪನ್ನು ಕಿತ್ತುಕೊಳ್ಳುವುದು ಚಿಕಿತ್ಸೆಯಲ್ಲ.

ಮನೆಯವರಿಗೂ ಇಲ್ಲಿ ಕಠಿನವಾದ ಪಾಲುಂಟು. “ಅಮ್ಮಾ, ನನ್ನ ಕೈ ಶುದ್ಧವಾಗಿದೆಯೇ?” ಎಂದು ಮಗಳು ಕೇಳುತ್ತಾಳೆ. “ಶುದ್ಧವಾಗಿದೆ ಕಣಮ್ಮಾ” ಎಂದು ತಾಯಿ ಕರುಣೆಯಿಂದ ಹೇಳುತ್ತಾಳೆ. ಐದು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಆ ಉತ್ತರವೂ ಸೋಪಿನ ಕೆಲಸವನ್ನೇ ಮಾಡುತ್ತದೆ. ಆದ್ದರಿಂದ ಚಿಕಿತ್ಸಕರು, ಮಗಳೊಡನೆ ಮೊದಲೇ ಮಾತಾಡಿಕೊಂಡು, ಆ ಉತ್ತರವನ್ನು ಕ್ರಮೇಣ ನಿಲ್ಲಿಸಲು ತಾಯಿಗೆ ಕಲಿಸುತ್ತಾರೆ. ಮಗಳ ಕಣ್ಣೀರನ್ನು ಕಂಡೂ ಸುಮ್ಮನಿರಬೇಕಾದ ತಾಯಿಯ ಪಾಡು ಸುಲಭವಾದುದಲ್ಲ.

ಎಲ್ಲರೂ ಇದರಿಂದ ಪೂರ್ಣ ಗುಣಹೊಂದುವುದಿಲ್ಲ. ಕೆಲವರು ಭಯದಿಂದ ನಡುವೆಯೇ ಬಿಡುವುದೂ ಉಂಟು. ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಪರಿಣಾಮ ಬೀರುವ ಔಷಧಗಳೂ ಅನೇಕರಿಗೆ ನೆರವಾಗುತ್ತವೆ. ಈ ರೋಗ ಹೆಚ್ಚಾಗಿ ಬಾಲ್ಯದಲ್ಲಿ, ಹದಿಹರೆಯದಲ್ಲಿ ಅಥವಾ ಯೌವನದ ಆರಂಭದಲ್ಲಿ ತಲೆದೋರುತ್ತದೆ. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಡುವವರೇ ಬಹಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ, ಹಣ ತೆರದೆ ಕನ್ನಡದಲ್ಲಿಯೇ ಸಲಹೆ ಕೇಳಬಹುದು.