ಮುಖಪುಟದ ಮೃಗಗಳೂ ನಮ್ಮ ಗಂಡಭೇರುಂಡವೂ

ನೋಡಿದ ಮಾತ್ರಕ್ಕೆ ಇದು ಇಂಥವರದೆಂದು ತಿಳಿಯುವಂತೆ ಇರಿಸಿದ ಗುರುತಿಗೆ ಲಾಂಛನವೆಂದು ಹೆಸರು. ಅಕ್ಷರವನ್ನರಿಯದವನೂ ಲಾಂಛನವನ್ನು ಓದಬಲ್ಲನು. ಆದುದರಿಂದಲೇ ಹಿಂದಿನ ಅರಸರು ತಮ್ಮ ಧ್ವಜ, ಮುದ್ರೆ, ನಾಣ್ಯಗಳ ಮೇಲೆ ಪ್ರಾಣಿಗಳನ್ನು ಮೂಡಿಸಿದರು. ಇಂದು ಅದೇ ಉಪಾಯವನ್ನು ಮಕ್ಕಳ ಆಟಗಳನ್ನು ತಯಾರಿಸುವವರು ಅನುಸರಿಸುತ್ತಿದ್ದಾರೆ. ಈ ಎರಡನ್ನೂ ಜೊತೆಗಿರಿಸಿ ನೋಡುವುದೇ ಪ್ರಸ್ತುತ ಪಾಠದ ಉದ್ದೇಶ.

ನಿಮ್ಮಲ್ಲಿ ಅನೇಕರ ಕಂಪಾಸ್ ಪೆಟ್ಟಿಗೆಗಳ ಮೇಲೆ ಪೊಕೆಮಾನ್ ಮೃಗಗಳ ಚಿತ್ರಗಳುಂಟು. ಕಾಡುಮೇಡುಗಳಲ್ಲಿ ತಿರುಗಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಕೂಡಿಹಾಕುವ ಈ ವಿಡಿಯೊ ಆಟವು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಹೊರಬಂದಿತು. ಇದನ್ನು ಕಲ್ಪಿಸಿದ ಸತೋಶಿ ತಾಜಿರಿ ಎಂಬವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುವ ಹವ್ಯಾಸವಿದ್ದಿತು. ಆಟವು ಒಂದಾಗಿ ಬರದೆ, ಕೆಂಪು ಮತ್ತು ಹಸಿರು ಎಂಬ ಎರಡು ಪ್ರತಿಗಳಾಗಿ ಬಂದಿತು. ನೀವು ಚಾರಿಜಾರ್ಡ್ ಎಂದು ಕರೆಯುವ, ಬಾಲದ ತುದಿಯಲ್ಲಿ ಬೆಂಕಿಯುಳ್ಳ ಮೃಗವು ಕೆಂಪು ಪ್ರತಿಯ ಮುಖಪುಟದಲ್ಲಿದ್ದರೆ, ಬೆನ್ನ ಮೇಲೆ ದೊಡ್ಡ ಹೂವನ್ನು ಹೊತ್ತ ವೀನಸಾರ್ ಹಸಿರು ಪ್ರತಿಯದರಲ್ಲಿದ್ದಿತು. ಕೆಲವು ಪ್ರಾಣಿಗಳು ಕೆಂಪಿನಲ್ಲಿ ಮಾತ್ರವೂ ಬೇರೆ ಕೆಲವು ಹಸಿರಿನಲ್ಲಿ ಮಾತ್ರವೂ ದೊರೆಯುತ್ತಿದ್ದುವು. ಸಂಗ್ರಹವು ಪೂರ್ಣವಾಗಬೇಕಾದರೆ ಇಬ್ಬರು ಮಕ್ಕಳು ತಮ್ಮ ಯಂತ್ರಗಳನ್ನು ತಂತಿಯಿಂದ ಜೋಡಿಸಿ ಕೊಡುಕೊಳ್ಳುವಿಕೆ ನಡೆಸಬೇಕಾಗಿದ್ದಿತು. ಮುಖಪುಟದ ಮೃಗವು ನನ್ನದು ಯಾವುದು, ನಿನ್ನದು ಯಾವುದು ಎಂಬುದನ್ನು ತಿಳಿಸುತ್ತಿದ್ದರೂ, ಆಟದ ಜೀವವು ಇದ್ದುದು ವಿನಿಮಯದಲ್ಲಿ.

2010ರಲ್ಲಿ ಬಂದ ಕಪ್ಪು ಮತ್ತು ಬಿಳಿ ಎಂಬ ಪ್ರತಿಗಳು ಇನ್ನೂ ಸ್ವಾರಸ್ಯಕರವಾಗಿವೆ. ಕಪ್ಪು ಪ್ರತಿಯ ಮುಖಪುಟದಲ್ಲಿ ರೆಶಿರಾಮ್ ಎಂಬ ಬಿಳಿಯ ಮೃಗವೂ, ಬಿಳಿಯ ಪ್ರತಿಯದರಲ್ಲಿ ಜೆಕ್ರೋಮ್ ಎಂಬ ಕಪ್ಪು ಮೃಗವೂ ಇವೆ. ಆಟದ ಕಥೆಯ ಪ್ರಕಾರ ಇವು ಮೊದಲು ಒಂದೇ ಮೃಗವಾಗಿದ್ದು, ಅವಳಿ ಸಹೋದರರಲ್ಲಿ ಒಬ್ಬನು ಸತ್ಯವನ್ನೂ ಮತ್ತೊಬ್ಬನು ಆದರ್ಶವನ್ನೂ ಹಿಡಿದು ಕಲಹಕ್ಕಿಳಿಯಲು, ಎರಡಾಗಿ ಸೀಳಿದುವು.

ಇನ್ನು ನಮ್ಮ ನಾಡಿನ ಲಾಂಛನಗಳತ್ತ ತಿರುಗೋಣ. ಗಂಗರ ಲಾಂಛನ ಮದಗಜ. ಬಾದಾಮಿಯ ಚಾಲುಕ್ಯರದು ವರಾಹ. ವರಾಹದ ಮುದ್ರೆಯಿಂದ ಚಿನ್ನದ ನಾಣ್ಯಕ್ಕೇ ವರಹವೆಂಬ ಹೆಸರು ನಿಂತಿತು. ನಮ್ಮ ವಿಠ್ಠಲವಾಡಿಯಿಂದ ರೈಲಿನಲ್ಲಿ ಎರಡನೆಯ ನಿಲ್ದಾಣವಾದ ಅಂಬರನಾಥದ ಶಿವಾಲಯದಲ್ಲಿ 1060ರ ಶಾಸನವಿದೆ. ಆ ದೇವಾಲಯದ ಕಾಲದಲ್ಲಿ ಈ ಸೀಮೆಯನ್ನಾಳಿದ ಶಿಲಾಹಾರರ ಧ್ವಜದ ಮೇಲಿದ್ದುದು ಸುವರ್ಣ ಗರುಡ.

ಇವೆಲ್ಲಕ್ಕಿಂತ ವಿಲಕ್ಷಣವಾದುದು ಗಂಡಭೇರುಂಡ. ಒಂದು ದೇಹ, ಎರಡು ತಲೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯನು 1047ರಲ್ಲಿ ಅದಕ್ಕೊಂದು ಎತ್ತರವಾದ ಕಂಬವನ್ನು ನಿಲ್ಲಿಸಿದನು. (ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಬೇರೆ.) ಅಲ್ಲಿ ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆಗಳಿವೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಹಿಡಿದೆತ್ತಿದೆ. ಮುಂದೆ ಮೈಸೂರು ಅರಸರ ಲಾಂಛನವಾಗಿದ್ದ ಈ ಪಕ್ಷಿಯು ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಅದರ ಇಕ್ಕೆಲಗಳಲ್ಲಿ ನಿಂತ ಆನೆಮೊಗದ ಸಿಂಹಕ್ಕೆ ಗಜಕೇಸರಿಯೆಂದು ಹೆಸರು. ಎರಡು ಜೀವಗಳನ್ನು ಬೆಸೆದು ಮೂರನೆಯದನ್ನು ಸೃಷ್ಟಿಸುವ ಕಲೆ ನಮ್ಮ ಶಿಲ್ಪಿಗಳಿಗೆ ಹೊಸದಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಪಂಚತಂತ್ರದಲ್ಲಿ ಇಂಥದೇ ಹಕ್ಕಿಯ ಕಥೆಯೊಂದುಂಟು. ಒಂದು ತಲೆಗೆ ಅಮೃತದಂತಹ ಹಣ್ಣು ದೊರೆಯಿತು. ಅದು ಇನ್ನೊಂದಕ್ಕೆ ಪಾಲು ಕೊಡಲಿಲ್ಲ. ಸಿಟ್ಟಾದ ಎರಡನೆಯ ತಲೆಯು ವಿಷದ ಹಣ್ಣನ್ನು ತಿಂದಿತು. ಹೊಟ್ಟೆ ಒಂದೇ ಆದುದರಿಂದ ಎರಡೂ ಸತ್ತುವು. ಜಪಾನಿನ ಕಥೆಯಲ್ಲಿ ಕಲಹದಿಂದ ಒಂದು ಎರಡಾಯಿತು; ನಮ್ಮ ಕಥೆಯಲ್ಲಿ ಕಲಹದಿಂದ ಒಂದೂ ಉಳಿಯಲಿಲ್ಲ.

ವಿದ್ಯಾರ್ಥಿಗಳೇ, ಈ ಕಥೆ ನಮ್ಮಂಥವರಿಗೆ ಹೆಚ್ಚು ಅನ್ವಯಿಸುತ್ತದೆ. ನಿಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಒಂದನ್ನು ಕಲಿತರೆ ಇನ್ನೊಂದು ಕೆಡುವುದೆಂದು ಹೇಳುವವರೂ ಉಂಟು. ಕನ್ನಡದಿಂದ ಇಲ್ಲೇನು ಪ್ರಯೋಜನವೆಂದು ಕೇಳಿ ಮಕ್ಕಳನ್ನು ಶಾಲೆಯಿಂದ ಬಿಡಿಸುವವರೂ ಉಂಟು. ಎರಡು ನಾಲಗೆಗಳು ಉಣ್ಣುವ ಅನ್ನವು ಒಂದೇ ಒಡಲಿಗೆ ಸೇರುವುದೆಂಬುದನ್ನು ಇವರಿಬ್ಬರೂ ಮರೆತಿದ್ದಾರೆ. ಅಂಬರನಾಥವನ್ನು ನೋಡಬಲ್ಲ ಮಗುವಿಗೆ ಬಳ್ಳಿಗಾವೆಯೂ ತಿಳಿದಿದ್ದರೆ ಅವನ ಸಂಗ್ರಹವು ಇಮ್ಮಡಿಯಾಯಿತಲ್ಲದೆ ಕುಂದಲಿಲ್ಲ.

ಪೊಕೆಮಾನ್ ಮೃಗಗಳ ಹೆಸರುಗಳನ್ನು ಬಾಯಿಪಾಠ ಮಾಡಿದವರ ನೆನಪಿನ ಶಕ್ತಿ ಮೆಚ್ಚತಕ್ಕದ್ದು. ಆ ಸಾಲಿನಲ್ಲೇ ಮದಗಜ, ವರಾಹ, ಗಜಕೇಸರಿ, ಗಂಡಭೇರುಂಡಗಳನ್ನೂ ಸೇರಿಸಿಕೊಳ್ಳಿರಿ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಗುಡಿಯ ಕಂಬಗಳನ್ನೂ ಮಾಳಿಗೆಯನ್ನೂ ನಿಧಾನವಾಗಿ ನೋಡಿರಿ. ಕಂಡ ಮೃಗದ ಚಿತ್ರವನ್ನು ಬರೆದುಕೊಂಡು, ಅದರ ಕಥೆಯನ್ನು ಹಿರಿಯರಿಂದ ಕೇಳಿ ತಿಳಿಯಿರಿ. ಹಿಂದಿರುಗಿದ ಮೇಲೆ ಅದನ್ನು ನಿಮ್ಮ ಮರಾಠಿ ಗೆಳೆಯನಿಗೆ ಹೇಳಿ, ಅವನ ಊರಿನ ಕಥೆಯೊಂದನ್ನು ಬದಲಾಗಿ ಕೇಳಿರಿ. ಲಾಂಛನವು ಕಲ್ಲಿನಲ್ಲಿ ಸಾವಿರ ವರ್ಷ ಉಳಿಯಬಹುದು. ಅದರ ಅರ್ಥವು ಹೇಳುವವರೂ ಕೇಳುವವರೂ ಇರುವತನಕ ಮಾತ್ರ ಉಳಿಯುತ್ತದೆ.